ಉಂಡಿ ಹಡೆದವರಿಗೆ

ಕರಜಗಿಯ ನಮ್ಮ ಮನೆಯಲ್ಲಿ ಬಾಣಂತಿ ಕೋಣೆ ಅಂತ ಒಂದಿತ್ತು. ಬಾಣಂತಿಯರಿಲ್ಲದ ಕಾಲದಲ್ಲಿ ಅದರೊಳಗೆ ಜೋಳದ ಚೀಲ, ಉಳ್ಳಾಗಡ್ಡಿ, ಮುರಿದ ಕೂರಿಗೆ, ಅಪ್ಪನ ಹಳೆಯ ಸೈಕಲ್ಲಿನ ಒಂದು ಗಾಲಿ ಇರುತ್ತಿದ್ದವು. ಪಡಸಾಲೆಯಿಂದ ಅಡುಗೆಮನೆಗೆ ಹೋಗುವಾಗ ಎಡಕ್ಕೆ ಸಿಗುವ ಕೋಣೆ, ಕಿಟಕಿಯಿಲ್ಲ, ಮೇಲೆ ಒಂದು ಬೆಳಕಿಂಡಿ ಮಾತ್ರ. ನನ್ನ ಸೋದರತ್ತೆಯರೆಲ್ಲ ಒಬ್ಬೊಬ್ಬರಾಗಿ ತವರಿಗೆ ಬಂದು ಹಡೆದು ಹೋದದ್ದು ಅಲ್ಲೇ. ಮನೆಯ ಹೆಣ್ಣುಮಗಳು ಹಡೆಯಲು ಬರುತ್ತಾಳೆ ಅಂದರೆ ಚೀಲಗಳು ಹೊರಬೀಳುತ್ತಿದ್ದವು. ಗೋಡೆಗೆ ಸುಣ್ಣ, ನೆಲಕ್ಕೆ ಸೆಗಣಿ, ಹೊರಸಿಗೆ ಹೊಸ ನುಲಿ. ಅಲ್ಲಿಂದ ಮುಂದೆ ಮನೆಯ ತುಪ್ಪ, ಮನೆಯ ಕೊಬ್ಬರಿ, ಮನೆಯ ಹಾಲು, ಮನೆಯವರೆಲ್ಲರ ಅಕ್ಕರೆ ಆ ಒಂದು ಬಾಗಿಲಿನೊಳಗೇ ಹೋಗುತ್ತಿತ್ತು. ಹೊರಗಿನವರ ಪಾಲಿಗೆ ವಾಸನೆ ಉಳಿಯುತ್ತಿತ್ತು. ಆ ಶ್ರಾವಣದಲ್ಲಿ ಕೋಣೆಯೊಳಗೆ ಹೋದವಳು ನನ್ನ ಅಕ್ಕ, ನೀಲಕ್ಕ. ವಾಸನೆಗೆ ಉಳಿದವಳು ನಾನು.

ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅವಳು ಬೆಳ್ಳಗಿದ್ದಳು, ನಾನು ಅಪ್ಪನ ಬಣ್ಣ. ಅವಳ ಜಡೆ ಸೊಂಟ ದಾಟಿತ್ತು, ನನ್ನದು ಭುಜಕ್ಕೆ ಬಂದು ನಿಂತುಬಿಟ್ಟಿತ್ತು. ಅವಳು ನಕ್ಕರೆ ಮನೆಗೆ ಬಂದವರೂ ನಗುತ್ತಿದ್ದರು. ನಾನು ನಕ್ಕರೆ ಆಯಿ, ಅಂದರೆ ಅಪ್ಪನ ತಾಯಿ, ಹಲ್ಲು ಮುಚ್ಚಿಕೋ ಎನ್ನುತ್ತಿದ್ದಳು. ಅಕ್ಕನ ಮದುವೆಯಾಗಿ ಆಳಂದದ ಕಡೆಯ ಹಳ್ಳಿಗೆ ಕಳಿಸಿದ ದಿನ ಮನೆಯೆಲ್ಲ ಅತ್ತಿತು. ನಾನೂ ಅತ್ತೆ. ಅಳುತ್ತಲೇ, ಇನ್ನು ಈ ಮನೆಗೆ ನಾನೊಬ್ಬಳೇ ಮಗಳು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಅಕ್ಕ ಬಸುರಿಯಾಗಿ ಹಿಂದಿರುಗಿದಳು, ಹೆಣ್ಣು ಕೂಸನ್ನು ಹಡೆದಳು, ಮೊದಲಿದ್ದುದಕ್ಕಿಂತ ದೊಡ್ಡ ಮಗಳಾಗಿಬಿಟ್ಟಳು. ಹೊಲದಿಂದ ಬಂದ ಅಪ್ಪ ಕಾಲು ತೊಳೆಯುವುದಕ್ಕೂ ಮೊದಲು ಆ ಬಾಗಿಲ ಮುಂದೆ ನಿಂತು ಕೆಮ್ಮುತ್ತಿದ್ದ.

"ನೀಲಾ, ಉಂಡೀಯೇನವ್ವಾ?"

"ಉಂಡೇನಪ್ಪಾ."

"ಹೊಟ್ಟಿ ತುಂಬಾ?"

ನನ್ನ ಅಪ್ಪ ಮಾತು ಕಡಿಮೆಯ ಮನುಷ್ಯ. ಎತ್ತುಗಳೊಂದಿಗೂ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಅಂಥವನ ಬಾಯಿಂದ ದಿನಾ ಈ ಎರಡು ಪ್ರಶ್ನೆ ಬರುವುದನ್ನು ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ನಾನು ಉಂಡಿದ್ದೇನೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಎಂದು ಅವನಿಗೆ ಅನ್ನಿಸಿರಲಿಕ್ಕೂ ಇಲ್ಲ.

ಈಗ ನಾನು ಜೇವರ್ಗಿಯಲ್ಲಿ ದೈಹಿಕ ಶಿಕ್ಷಣ ಓದುವ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಶರೀರಕ್ಕೆ ಏನು ಬೇಕು, ಯಾವಾಗ ಬೇಕು, ಓಡುವವರ ತಟ್ಟೆಯಲ್ಲಿ ಏನಿರಬೇಕು ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಹಿಂದಿನ ಬೆಂಚಿನ ಹುಡುಗರು ಬ್ಯಾಗಿನಲ್ಲಿ ಪ್ರೋಟೀನ್ ಪುಡಿಯ ಡಬ್ಬಿ ಇಟ್ಟುಕೊಂಡು ಬರುತ್ತಾರೆ. ಅದನ್ನು ಹಾಲಿಗೆ ಹಾಕಿ ಅಲುಗಾಡಿಸಿ, ಯಾರ ಅಪ್ಪಣೆಯೂ ಇಲ್ಲದೆ, ಗಟಗಟ ಕುಡಿಯುತ್ತಾರೆ. ಅವರನ್ನು ಕಂಡರೂ ನನಗೆ ಹೊಟ್ಟೆ ಉರಿಯುತ್ತದೆ. ಪುಡಿ ಬೇಡ, ಮನೆಯ ಶೇಂಗಾ ಬೆಲ್ಲ ಸಾಕು, ಮೊಳಕೆ ಕಾಳು ತಿನ್ನಿ, ಮಜ್ಜಿಗೆ ಕುಡಿಯಿರಿ ಎಂದು ನಾನು ಹೇಳುವುದು ಪಾಠದ ಮಾತು ನಿಜ. ಅದರ ಜೊತೆ ಸ್ವಲ್ಪ ಹಳೆಯ ಸಿಟ್ಟೂ ಇರುತ್ತದೆ. ಇದನ್ನು ತಿನ್ನಲು ನೀನು ಏನು ಮಾಡಿದ್ದೀ ಎಂದು ಅವರನ್ನು ಯಾರೂ ಕೇಳಿಲ್ಲ. ನನ್ನನ್ನು ಕೇಳಿದ್ದರು.

ಕೇಳಿದ್ದು ಹೀಗೆ. ನಾನು ಎಂಟುನೂರು ಮೀಟರ್ ಓಡುತ್ತಿದ್ದೆ. ವಲಯ ಮಟ್ಟದಲ್ಲಿ ಮೊದಲು ಬಂದಿದ್ದೆ, ಅಫಜಲಪುರದಲ್ಲಿ ತಾಲೂಕು ಮಟ್ಟದ ಓಟ ಬಾಕಿಯಿತ್ತು. ಹುಡುಗಿ ಬಯಲಲ್ಲಿ ಲಂಗ ಎತ್ತಿ ಕಟ್ಟಿ ಓಡುವುದು ಆಯಿಗೆ ಒಂದಿಷ್ಟೂ ಹಿಡಿಸಿರಲಿಲ್ಲ. ಇವತ್ತೋ ನಾಳೆಯೋ ದೊಡ್ಡವಳಾಗುವ ಹುಡುಗಿ ಎಂದು ದಿನಾ ರಾಗ ತೆಗೆಯುತ್ತಿದ್ದಳು. ಕೊನೆಗೆ ಅಪ್ಪ ಒಂದು ತೀರ್ಮಾನ ಹೇಳಿದ್ದ.

"ಅಫಜಲಪುರದಾಗ ಆರಿಸಿ ಬಂದ್ರ ಮುಂದ ನೋಡೋಣು. ಇಲ್ಲಂದ್ರ ಓಡೋದು ಬಂದ್. ಸಾಲಿ ಬಿಟ್ರ ಸೀದಾ ಮನಿ."

ಮೊದಲ ಇಬ್ಬರನ್ನು ಜಿಲ್ಲೆಗೆ ಆರಿಸುತ್ತಿದ್ದರು. ಆ ಇಬ್ಬರಲ್ಲಿ ನಾನಿರಬೇಕಿತ್ತು. ಓಡುವುದೊಂದನ್ನು ಬಿಟ್ಟರೆ ನನ್ನದು ಅಂತ ಹೇಳಿಕೊಳ್ಳುವುದು ಆ ಮನೆಯಲ್ಲಿ ನನಗೆ ಏನೂ ಇರಲಿಲ್ಲ. ಹಾಗಾಗಿ ಬೆಳಿಗ್ಗೆ ಬೆಳಿಗ್ಗೆ ಶಾಲೆಯ ಬಯಲಿಗೆ ಹೋಗಿ ಸುತ್ತು ಹಾಕುತ್ತಿದ್ದೆ. ಒಂದು ದಿನ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ನಮ್ಮ ಪಿ.ಟಿ. ಸರ್ ಬಂದು ನನ್ನ ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರು.

"ಜಗದೇವಿ, ಮುಂಜಾನಿ ಏನ್ ತಿಂದೀ?"

"ಚಾ ಕುಡದೇನ್ರಿ ಸರ್."

"ಚಾ ಅಲ್ಲ ಬೇ, ತಿಂದಿದ್ದೇನು?"

"ಚಾದಾಗ ಕಟಕ ರೊಟ್ಟಿ ಎದ್ದಿಕೊಂಡು ತಿಂದೇನ್ರಿ."

"ಕಾಲು ಛಲೋ ಅದಾವ, ಎದಿನೂ ಅದ, ಮೈಯಾಗ ರಕ್ತೇ ಇಲ್ಲ ನಿನಗ. ಮನ್ಯಾಗ ಹೇಳು. ಹಾಲು, ತಪ್ಪಲ ಪಲ್ಯ, ಶೇಂಗಾ ಬೆಲ್ಲ ಕೊಡ್ರಿ ಅಂತ. ಉಂಡಿ ಕಟ್ಟಿ ಕೊಟ್ರಂತೂ ಭಾಳ ಛಲೋ."

ಸರ್ ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಉಂಡಿ ಒಂದೇ. ಯಾಕೆಂದರೆ ಅದೇ ವಾರ ಮನೆಯಲ್ಲಿ ಅಂಟಿನ ಉಂಡಿ, ಅಂದರೆ ಗೋಂದಿನ ಲಾಡು, ಕಟ್ಟಿದ್ದರು. ಒಣ ಉತ್ತತ್ತಿಯನ್ನು ಹಾರೆಯಿಂದ ಕುಟ್ಟಿದವಳು ನಾನು. ಕೊಬ್ಬರಿ ಹೆರೆದವಳು ನಾನು. ಹೆರೆಯುವಾಗ ಬೆರಳ ತುದಿ ಕೆತ್ತಿಕೊಂಡವಳೂ ನಾನೇ. ಆಯಿ ಬಾಣಲೆಗೆ ತುಪ್ಪ ಸುರಿದು ಅಂಟಿನ ಹರಳು ಹಾಕಿದಾಗ ಅವು ಹುರಿದು ಬಿಳಿ ಅರಳಾಗಿ ಉಬ್ಬಿದವು. ಆ ವಾಸನೆಗೆ ಓಣಿಯವರೆಲ್ಲ ಯಾರು ಹಡೆದರು ಎಂದು ಕೇಳಿಕೊಂಡು ಬಂದರು. ಹೆಣ್ಣು ಕೂಸೆಂದು ಆಯಿ ತುಪ್ಪದಲ್ಲಿ ಕೈ ಬಿಗಿ ಹಿಡಿಯಲಿಲ್ಲ, ಆ ಮಾತನ್ನು ನಾನು ಅವಳ ಪರವಾಗಿ ಹೇಳಲೇಬೇಕು. ಬೆಲ್ಲದ ಪಾಕ, ಗಸಗಸೆ, ಏಲಕ್ಕಿ ಎಲ್ಲ ಸೇರಿಸಿ, ಬಿಸಿಯಿರುವಾಗಲೇ ಅಂಗೈ ಸುಟ್ಟುಕೊಂಡು ಕಟ್ಟಿದಳು. ಬಾಣಲೆಯ ತಳ ಕೆರೆದು ತಿನ್ನಲು ನನಗೆ ಬಿಟ್ಟಳು. ಉಂಡಿಗಳು ಹಿತ್ತಾಳೆ ಡಬ್ಬಿಯೊಳಗೆ ಕೂತು ಬಾಣಂತಿ ಕೋಣೆಗೆ ಹೋದವು. ಸರ್ ಹೇಳಿದ್ದನ್ನು ನಾನು ಆಯಿಗೆ ಹೇಳಿದಾಗ ಅವಳು ಮೊರದಲ್ಲಿ ಅಳವಿ ಬೀಜ ಹಸನು ಮಾಡುತ್ತಿದ್ದಳು, ಅದೂ ಅಕ್ಕನ ಪಾಯಸಕ್ಕೆ.

"ಆಯಿ, ಸರ್ ನನಗ ಉಂಡಿ ತಿನ್ನು ಅಂದಾರ."

"ಉಂಡಿ ಹಡದವ್ರಿಗೆ. ನೀ ಏನ್ ಹಡದೀಯೇನ್ ಬೇ?"

"ಓಡಾಕ ತಾಕತ್ ಬೇಕಂತ."

"ಹಡಿಯಾಕ ಬೇಕಾಗ್ತದ ತಾಕತ್ತು. ಓಡಾಕ ಯಾಕ ಬೇಕು? ನಾಯಿ ಓಡಂಗಿಲ್ಲೇನು? ನೀನೂ ಹಡದ ದಿನ ಕೂತು ತಿನ್ನಾಕಿ ನಡಿ."

ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ಬಡಿಯತೊಡಗಿತು. ಅತ್ತೆಯ ಎದುರು ಅವ್ವನ ಮಾತು ಅಷ್ಟೇ. ಈಗ ಪಾಠ ಹೇಳುವಾಗ ನನಗೆ ಗೊತ್ತಾಗುತ್ತದೆ, ಕಬ್ಬಿಣದ ಅಂಶ ಹೇರಳವಾಗಿರುವ ಅಳವಿ, ಕಸುವು ಕೊಡುವ ಕೊಬ್ಬರಿ ತುಪ್ಪ, ಹಸಿ ಸಬ್ಬಸಿಗೆ ಪಲ್ಯ, ಓಡುವ ಹುಡುಗಿಗೆ ಬೇಕಾದದ್ದೆಲ್ಲ ನಮ್ಮ ಮನೆಯಲ್ಲೇ ಇತ್ತು. ಒಂದು ಹೊಸ್ತಿಲು ಮಾತ್ರ ಅಡ್ಡ ಇತ್ತು.

ಆ ಹೊಸ್ತಿಲಿನಾಚೆ ಅಕ್ಕ ರಾಣಿಯಂತೆ ಮಲಗಿದ್ದಳು ಎಂದು ನಾನು ತಿಳಿದಿದ್ದೆ. ಬೆಳಿಗ್ಗೆ ಅವ್ವ ಅವಳ ಮೈಗೆ ಎಣ್ಣೆ ತಿಕ್ಕಿ ಸುಡುಸುಡು ನೀರು ಹಾಕುತ್ತಿದ್ದಳು. ಆಯಿ ಲೋಬಾನದ ಹೊಗೆ ಕೊಟ್ಟು, ಹಳೆಯ ಸೀರೆಯನ್ನು ಹೊಟ್ಟೆಗೆ ಬಿಗಿದು ಸುತ್ತಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಹೊರಸಿನ ಮೇಲೆ ಮಲಗಿಸುತ್ತಿದ್ದಳು. ಹೊರಸಿನ ಕೆಳಗೆ ಕೆಂಡದ ಶೇಗಡಿ. ಮೆಣಸಿನ ಸಾರಿಗೆ ತುಪ್ಪ, ಮೆತ್ತಗಿನ ರೊಟ್ಟಿ, ಹುರಿದ ಬೆಳ್ಳುಳ್ಳಿ, ಮೇಲೆ ಒಂದು ಉಂಡಿ. ಒಂದು ದಿನ ಎಣ್ಣೆ ತಿಕ್ಕುವಾಗ ಆಯಿ ಅಕ್ಕನ ಮೀನಖಂಡಕ್ಕೆ ಪಟ್ಟೆಂದು ಹೊಡೆದು ಅವ್ವನಿಗೆ ಹೇಳಿದ್ದನ್ನು ನಾನು ಬಾಗಿಲ ಸಂದಿಯಿಂದ ಕೇಳಿದೆ.

"ನೋಡು, ಹೆಂಗ ಬಿಗಿ ಆಗ್ಯಾವ ಕಾಲು! ಈಗ ಕೈ ಬಿಟ್ರ ಆಳಂದತನಕ ಓಡಿ ಹೋಗ್ತಾಳ ನನ್ನ ಮೊಮ್ಮಗಳು."

ಬಣ್ಣ ಅಕ್ಕನಿಗೆ ಹೋಗಿತ್ತು, ಜಡೆ ಹೋಗಿತ್ತು, ಅಪ್ಪನ ಮಾತು ಹೋಗಿತ್ತು. ಓಟವೊಂದು ನನಗೆ ಉಳಿದಿತ್ತು, ಅದನ್ನೂ ಆಯಿ ಹೊರಸಿನ ಮೇಲೆ ಮಲಗಿದವಳಿಗೆ ಕೊಟ್ಟುಬಿಟ್ಟಳು. ಆ ದಿನ ನಾನು ರೊಟ್ಟಿ ಮುಟ್ಟಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ.

ಮಾರನೆಯ ಬೆಳಿಗ್ಗೆ ಬಯಲಿನಿಂದ ಬಂದು, ಮಣ್ಣಿನ ಹರವಿಯಿಂದ ತಂಬಿಗೆ ತುಂಬಿಕೊಂಡು ನಿಂತಲ್ಲೇ ಕುಡಿಯುತ್ತಿದ್ದೆ. ಆಯಿ ದೇವರ ಜಗಲಿಯ ಮುಂದೆ ಲಿಂಗಪೂಜೆಗೆ ಕೂತಿದ್ದಳು. ಎಡ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದಳೆಂದರೆ ಮನೆಗೆ ಬೆಂಕಿ ಬಿದ್ದರೂ ಅವಳು ಮಾತಾಡುವವಳಲ್ಲ. ಕೋಣೆಯೊಳಗಿಂದ ಅಕ್ಕ ಸಣ್ಣ ದನಿಯಲ್ಲಿ ಕರೆದಳು.

"ಜಗೂ, ಒಂದು ತಂಬಿಗಿ ನೀರು ಕೊಡ ಬೇ."

ಅವಳ ತುಟಿ ಒಡೆದಿದ್ದವು. ಬಾಣಂತಿಗೆ ನೀರು ಕೊಡಬಾರದೆಂದು ಆಯಿಯ ಕಟ್ಟಪ್ಪಣೆ. ಹಡೆದ ಹೊಟ್ಟೆ ಖಾಲಿ ಚೀಲ, ನೀರು ಹಾಕಿದರೆ ನೀರೇ ತುಂಬುತ್ತದೆ, ಅದನ್ನು ಕಟ್ಟಬೇಕು, ಒಣಗಿಸಬೇಕು, ಇಲ್ಲದಿದ್ದರೆ ಮೈ ಸಡಿಲಾಗುತ್ತದೆ ಎಂಬುದು ಅವಳ ವೈದ್ಯಶಾಸ್ತ್ರ. ಊಟವಾದ ಮೇಲೆ ಅಜವಾನ ಹಾಕಿ ಕುದಿಸಿದ ನೀರು ಒಂದು ಸಣ್ಣ ಬಟ್ಟಲು, ಅಷ್ಟೇ. ನಾನು ಹೊಸ್ತಿಲಲ್ಲಿ ನಿಂತೆ. ಹಿತ್ತಾಳೆ ಡಬ್ಬಿ ಅವಳ ತಲೆದಿಂಬಿನ ಹತ್ತಿರವೇ ಇತ್ತು.

"ಒಂದು ಉಂಡಿ ಕೊಡು, ಕೊಡ್ತೇನಿ."

ಅಕ್ಕ ನನ್ನ ಮುಖ ನೋಡಿದಳು. ನಗಬೇಕೋ ಅಳಬೇಕೋ ತಿಳಿಯದವಳಂತೆ ಡಬ್ಬಿಯ ಮುಚ್ಚಳ ತೆಗೆದು ಒಂದು ಉಂಡಿ ನನ್ನ ಕೈಗಿಟ್ಟಳು. ನಾನು ತಂಬಿಗೆ ಕೊಟ್ಟೆ. ಅವಳು ಕುಡಿಯುವುದನ್ನು ನೋಡುತ್ತ ನಾನು ಉಂಡಿ ತಿನ್ನುವುದನ್ನೇ ಮರೆತೆ. ಕೊರಳು ಮೇಲೆ ಕೆಳಗೆ ಆಗುತ್ತಿತ್ತು, ಗದ್ದದಿಂದ ನೀರು ಇಳಿದು ಎದೆಯ ಸೀರೆ ತೋಯ್ದಿತು, ಮಗ್ಗುಲಲ್ಲಿ ಕೂಸು ಮುಲುಗುಟ್ಟಿತು, ಅವಳು ನಿಲ್ಲಿಸಲಿಲ್ಲ. ಖಾಲಿ ತಂಬಿಗೆ ಕೊಟ್ಟು ಉಸಿರು ಬಿಟ್ಟಳು.

"ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತದ ಬೇ. ದಿನಾ ಬೆವತು ಬರ್ತೀ, ನಿಂತು ಗಟಗಟ ಕುಡೀತೀ. ನಾ ಇಲ್ಲಿ ಮಕ್ಕೊಂಡು ಸಪ್ಪಳ ಕೇಳ್ತೇನಿ."

"ನಿನಗ ನನ್ನ ಮ್ಯಾಲ ಹೊಟ್ಟಿಕಿಚ್ಚು?"

"ಯಾಕ, ಬರಬಾರದೇನು? ಖೋಖೋದಾಗ ನನ್ನ ಯಾರರೇ ಮುಟ್ಟತಿದ್ರೇನು? ಎಂಟನೆತ್ತೆ ಮುಗಿದ ಮ್ಯಾಲ ಅಪ್ಪ ಸಾಲಿ ಬಿಡಸ್ದ. ನನಗ ಯಾರೂ ಅಫಜಲಪುರ ತೋರಸ್ಲಿಲ್ಲ."

ನನ್ನನ್ನು ಕಂಡು ಒಬ್ಬರು ಹೊಟ್ಟೆಕಿಚ್ಚು ಪಡಬಹುದು ಎನ್ನುವುದೇ ನನಗೆ ಹೊಸದಾಗಿತ್ತು. ಅದರ ಖುಷಿ ಒಂದು ಗಳಿಗೆಯೂ ಇರಲಿಲ್ಲ. ಅಕ್ಕನ ಖೋಖೋ ನನಗೆ ನೆನಪಿತ್ತು. ಕಂಬದ ಹತ್ತಿರ ಅವಳು ಹಿಡಿಯಲು ಬಂದವರ ಕೈಯಡಿಯಿಂದ ನುಸುಳಿ ಹೋಗುತ್ತಿದ್ದಳು. ಅವಳನ್ನು ಬಿಟ್ಟಿದ್ದರೆ ಅವಳು ನನಗಿಂತ ಮುಂದೆ ಹೋಗಿರುತ್ತಿದ್ದಳು ಎಂದು ಅನ್ನಿಸಿ, ಬಾಯಿಗಿಟ್ಟ ಉಂಡಿಯ ರುಚಿ ಕೆಟ್ಟಿತು. ಆದರೂ ತಿಂದು ಮುಗಿಸಿದೆ.

ಅಂದಿನಿಂದ ದಿನಾ ವ್ಯಾಪಾರ ನಡೆಯಿತು. ಆಯಿ ಕಣ್ಣು ಮುಚ್ಚಿದ ಕೂಡಲೇ ತಂಬಿಗೆ ಒಳಗೆ, ಉಂಡಿ ಹೊರಗೆ. ಡಬ್ಬಿ ಖಾಲಿಯಾಗುವುದನ್ನು ಕಂಡು ಆಯಿ, ನನ್ನ ನೀಲಾ ಛಲೋ ಉಣ್ಣಾಕತ್ತಾಳ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ಇದು ನ್ಯಾಯದ ವ್ಯಾಪಾರ, ಇವತ್ತಿಗೂ ನಾನು ಹಾಗೇ ಹೇಳುತ್ತೇನೆ. ಇಬ್ಬರಿಗೂ ಬೇಕಾದದ್ದು ಇಬ್ಬರಿಗೂ ಸಿಗುತ್ತಿತ್ತು. ಆದರೆ ಓಟದ ದಿನ ಹತ್ತಿರ ಬಂದಂತೆ ನನಗೆ ಹೊಸ ಸಂಶಯ ಹತ್ತಿತು. ಇಷ್ಟು ಉಂಡಿ ತಿಂದರೂ ನನ್ನ ಕಾಲು ಯಾಕೆ ಅಕ್ಕನ ಕಾಲಿನ ಹಾಗೆ ಬಿಗಿಯಾಗಿಲ್ಲ? ಕೂತು ಯೋಚಿಸಿ ಉತ್ತರ ಕಂಡುಕೊಂಡೆ. ಆಯಿ ಹೇಳುವ ಮಾತಿನಲ್ಲೇ ಇತ್ತು ಅದು. ಅಕ್ಕ ಕುಡಿಯುವುದು ನಾನು ಕೊಟ್ಟ ಒಂದು ತಂಬಿಗೆ. ನಾನು ಕಂಡಲ್ಲೆಲ್ಲ ಕುಡಿಯುತ್ತೇನೆ, ತಿಂದ ಉಂಡಿಯೆಲ್ಲ ನೀರಿನೊಂದಿಗೆ ತೊಳೆದುಹೋಗುತ್ತಿದೆ. ಜೊತೆಗೆ ಅಕ್ಕನ ಹೊಟ್ಟೆ ಕಟ್ಟಿದೆ, ನನ್ನದು ಬಿಟ್ಟಿದೆ. ಅವಳ ಕಿವಿಗೆ ಹತ್ತಿ ಇದೆ, ನನ್ನ ಕಿವಿಯೊಳಗೆ ಗಾಳಿ ಹೋಗುತ್ತಿದೆ. ಇನ್ನೊಂದು ಆಸೆಯೂ ಒಳಗೆ ಇತ್ತು. ಅಕ್ಕ ಬಾಯಾರಿಕೆ ತಡೆಯಲಾರದೆ ನನ್ನನ್ನು ಕರೆದಿದ್ದಳು. ನಾನು ಒಂದು ಹನಿಯನ್ನೂ ಕುಡಿಯದೆ ತಡೆದರೆ, ಬಾಣಂತನದಲ್ಲೂ ಅವಳನ್ನು ಸೋಲಿಸಿದ ಹಾಗಾಗುತ್ತದೆ.

ಓಟದ ಹಿಂದಿನ ದಿನ ಮಧ್ಯಾಹ್ನದಿಂದ ನಾನು ನೀರು ಬಿಟ್ಟೆ. ಓಟದ ದಿನ ಬೆಳಿಗ್ಗೆ ಅಕ್ಕನ ತಂಬಿಗೆ ತುಂಬುವಾಗ ಕೈ ಒದ್ದೆಯಾಯಿತು, ಅದನ್ನು ಲಂಗಕ್ಕೆ ಒರೆಸಿಕೊಂಡೆ, ನೆಕ್ಕಲಿಲ್ಲ. ಆ ದಿನದ ಉಂಡಿಯನ್ನು ಒಣಗಿದ ಬಾಯಲ್ಲೇ ನುಂಗಿದೆ. ಅವ್ವನ ಹಳೆಯ ಸೀರೆಯ ಒಂದು ತುಂಡು ಹರಿದು, ಅಂಗಿಯೊಳಗೆ ಹೊಟ್ಟೆಗೆ ಉಸಿರು ಕಟ್ಟುವಷ್ಟು ಬಿಗಿದು ಸುತ್ತಿಕೊಂಡೆ. ಕಿವಿಗೆ ಹತ್ತಿ ತುರುಕಿ, ಮೇಲೆ ಕೂದಲು ಎಳೆದುಕೊಂಡೆ. ಅಫಜಲಪುರಕ್ಕೆ ಹೋಗುವ ಬಸ್ಸಿನಲ್ಲಿ ಪಿ.ಟಿ. ಸರ್ ಏನೋ ಹೇಳಿದರು, ನನಗೆ ಅರ್ಧ ಕೇಳಿಸಲಿಲ್ಲ. ತಲೆ ಅಲ್ಲಾಡಿಸಿದೆ.

ಮಳೆ ಬಿಡುವು ಕೊಟ್ಟಿದ್ದ ಭಾದ್ರಪದದ ಬಿಸಿಲು ಅದು, ಕೆಳಗಿನ ಹಸಿ ನೆಲದಿಂದಲೂ ಝಳ ಏಳುತ್ತಿತ್ತು. ಅಫಜಲಪುರದ ಹುಡುಗಿಯೊಬ್ಬಳು ಬಿಳಿ ಬೂಟು ಹಾಕಿಕೊಂಡು ನಿಂತಿದ್ದಳು, ಅವಳ ತಾಯಿ ಪಕ್ಕದಲ್ಲಿ ನಿಂಬೆ ಶರಬತ್ತಿನ ಬಾಟಲಿ ಹಿಡಿದು ನಿಂತಿದ್ದಳು. ತಾಯಿ ಬಂದಿದ್ದಾಳೆಂದು ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ಶರಬತ್ತು ಕುಡಿಯುವುದನ್ನು ಕಂಡು ಮಾತ್ರ ಮರುಕ ಬಂತು, ಪಾಪ, ಮೈ ಸಡಿಲಾಗಿ ಇವಳು ಸೋಲುತ್ತಾಳೆ ಎಂದು. ಸೀಟಿ ಊದಿದ್ದು ನನಗೆ ಕೇಳಿಸಲೇ ಇಲ್ಲ. ಉಳಿದವರು ಓಡಿದ್ದನ್ನು ಕಂಡು ಓಡಿದೆ. ಆದರೂ ಮೊದಲ ಸುತ್ತು ಮುಗಿಯುವಾಗ ನಾನೇ ಮುಂದಿದ್ದೆ. ಆ ಒಂದು ಸುತ್ತು ನನ್ನದು. ಆಮೇಲೆ ನಾಲಿಗೆ ಅಂಗುಳಕ್ಕೆ ಅಂಟಿತು, ಉಸಿರು ಎಳೆದರೆ ಹೊಟ್ಟೆಯ ಕಟ್ಟು ಬಿಡಲಿಲ್ಲ, ಬೆವರು ನಿಂತುಹೋಗಿ ಮೈಯೆಲ್ಲ ಉರಿಯಿತು. ಬಿಳಿ ಬೂಟು ದಾಟಿ ಹೋಯಿತು. ಇನ್ನೊಬ್ಬಳು ಹೋದಳು, ಮತ್ತೊಬ್ಬಳು ಹೋದಳು. ಕೊನೆಯ ತಿರುವಿನಲ್ಲಿ ನೆಲ ಮೇಲೆ ಬಂದು ನನ್ನ ಮುಖಕ್ಕೆ ಬಡಿಯಿತು.

ಎಚ್ಚರ ಬಂದಾಗ ನಾನು ಬೇವಿನ ಮರದ ನೆರಳಲ್ಲಿದ್ದೆ. ಬಿಳಿ ಬೂಟಿನ ಹುಡುಗಿಯ ತಾಯಿ ನನ್ನ ಅಂಗಿಯೊಳಗಿಂದ ಸೀರೆಯ ತುಂಡನ್ನು ಎಳೆಯುತ್ತಿದ್ದಳು, ಅದು ಬರುತ್ತಲೇ ಇತ್ತು, ಮುಗಿಯುತ್ತಿರಲಿಲ್ಲ. ಪಿ.ಟಿ. ಸರ್ ಕಿವಿಯಿಂದ ಹತ್ತಿ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು.

"ಇದೇನ್ ಬೇ ಜಗದೇವಿ? ಏನ್ ಬಾಣಂತಿ ಆಗೀಯೇನು?"

ಸುತ್ತ ನಿಂತಿದ್ದವರು ನಕ್ಕರು. ಆ ತಾಯಿ ನಗಲಿಲ್ಲ. ಶರಬತ್ತಿನ ಬಾಟಲಿಯನ್ನು ನನ್ನ ಬಾಯಿಗೆ ಹಿಡಿದಳು, ಸ್ವಲ್ಪ ಸ್ವಲ್ಪವೇ ಕುಡಿ ಎಂದಳು. ಓಡುವವರು ಬಾಯಾರಿಕೆಯಾಗುವವರೆಗೆ ಕಾಯಬಾರದು ಎಂದು ಈಗ ನನ್ನ ತರಗತಿಯಲ್ಲಿ ನಾನು ಹೇಳುವಾಗ ದನಿ ಯಾಕೆ ಅಷ್ಟು ಏರುತ್ತದೆ ಎಂದು ಹುಡುಗಿಯರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರಂತೆ.

ಸರ್ ನನ್ನನ್ನು ಮನೆಯವರೆಗೆ ಕರೆತಂದರು. ಪಡಸಾಲೆಯಲ್ಲಿ ಅಪ್ಪ ಅವರಿಗೆ ಕಂಬಳಿ ಹಾಸಿದ. ಅವ್ವ ಚಹಾ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಸರ್ ಸೀರೆಯ ತುಂಡನ್ನು ಜೇಬಿನಿಂದ ತೆಗೆದು ಎಲ್ಲರ ಮುಂದೆ ಇಟ್ಟು, ಆದದ್ದೆಲ್ಲ ಹೇಳಿದರು.

"ನಿನ್ನಿಯಿಂದ ನೀರು ಕುಡದಿಲ್ಲಂತ್ರಿ ಹುಡುಗಿ. ನೀರು ಕುಡದ್ರ ಮೈ ಸಡ್ಲ ಆಗ್ತದಂತ. ಯಾರ್ರೀ ಹೇಳಿದ್ದು ಇದನ್ನ? ಜೀವ ಹೋಗ್ತಿತ್ತಲ್ರಿ."

ಆಯಿ ಹಿಂದೆಗೆಯುವವಳಲ್ಲ.

"ನಾ ಹೇಳಿದ್ದು ಬಾಣಂತಿಗ್ರಿ ಸರ. ಅಕಿಗಲ್ಲ."

"ಬಾಣಂತಿಗೂ ನೀರು ಬೇಕ್ರಿ ಆಯಿ. ಹೆಚ್ಚಿಗಿನೇ ಬೇಕು."

"ನೀವು ಹಡದೀರೇನ್ರಿ ಸರ?"

ಸರ್ ಅಪ್ಪನ ಕಡೆ ತಿರುಗಿದರು. ಎಲ್ಲರ ಕಣ್ಣೂ ಅವನ ಮೇಲೆ, ಆಮೇಲೆ ನನ್ನ ಮೇಲೆ. ಹುಟ್ಟಿದಾಗಿನಿಂದ ಆ ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ನನ್ನನ್ನೇ ನೋಡಿದ್ದು ಅದೇ ಮೊದಲು.

"ಆತ್ರಿ ಸರ. ಮಾತು ಆಗಿತ್ತು ಮದಲೇ. ಆರಿಸಿ ಬರ್ಲಿಲ್ಲ ಅಕಿ. ನಾಕ ಮಂದ್ಯಾಗ ಮಾನ ಹೋತು. ಇನ್ನ ಓಡೋದು ಸಾಕ್ರಿ."

ನನಗೆ ಅಳು ಬರಲಿಲ್ಲ. ಬಾಯಿ ಮತ್ತೆ ಒಣಗಿತು, ಅಷ್ಟೇ. ಏನಾದರೂ ಹೇಳಬೇಕು, ಈಗಲೇ ಹೇಳಬೇಕು ಎಂದು ಗೊತ್ತಾಗುತ್ತಿತ್ತು. ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಕೋಣೆಯ ಬಾಗಿಲು ಕಿರ್ರೆಂದಿತು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಹೊಟ್ಟೆಗೆ ಕಟ್ಟು, ಎಲ್ಲದರೊಂದಿಗೆ ಅಕ್ಕ ಹೊಸ್ತಿಲು ದಾಟಿ ಹೊರಗೆ ಬಂದಳು. ಬಾಣಂತಿ ದಿನ ತುಂಬುವ ಮೊದಲು, ಅದೂ ಹೊರಗಿನ ಗಂಡಸು ಕೂತಿರುವಾಗ ಪಡಸಾಲೆಗೆ ಬರುವುದು ನಮ್ಮ ಮನೆಯಲ್ಲಿ ಯಾರೂ ಕಾಣದ ಮಾತು. ಅವಳು ಯಾರನ್ನೂ ನೋಡದೆ ಹರವಿಯ ಹತ್ತಿರ ಹೋದಳು, ತಂಬಿಗೆ ಮುಳುಗಿಸಿದಳು, ಎತ್ತಿ ಕುಡಿದಳು.

"ಏ ನೀಲಾ! ಥಂಡಿ ನೀರು ಅದು! ಕೂಸಿಗೆ ಶೀತ ಹತ್ತತದ!"

ಅಕ್ಕ ಕುಡಿದು ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ದಿನಾ ಕುಡಿಯಾಕತ್ತೇನಿ ಆಯಿ. ಅಕಿ ತಂದು ಕೊಡ್ತಾಳ, ನಾ ಉಂಡಿ ಕೊಡ್ತೇನಿ. ಕೂಸಿಗೆ ಏನಾಗ್ಯದ? ನೀರು ಕುಡದ ಮ್ಯಾಲೇ ನನಗ ಹಾಲು ಬಂದದ್ದು."

ಅಕ್ಕ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನನ್ನ ನಿಲ್ಲಿಸ್ದಿ. ನಾ ಏನೂ ಅನ್ನಲಿಲ್ಲ. ಅಕಿನ್ನ ನಿಲ್ಲಿಸಬ್ಯಾಡ."

ಇಷ್ಟು ಹೇಳಿ ಅವಳು ಒಳಗೆ ಹೋದಳು. ಕೂಸು ಅಳುತ್ತಿತ್ತು. ಸರ್ ಅವರ ಚಹಾ ಆರಿಹೋಗಿತ್ತು. ಅಪ್ಪ ಮುಚ್ಚಿದ ಬಾಗಿಲಿನಿಂದ ಸರ್ ಕಡೆ ತಿರುಗಿದ.

"ಮುಂದಿನ ವರ್ಷ ಯಾವಾಗ ಇರ್ತದ್ರಿ ಸರ, ಅಫಜಲಪುರದ್ದು?"

ನಾನು ಮುಂದಿನ ವರ್ಷ ಓಡಿದೆ, ಅದರ ಮುಂದಿನ ವರ್ಷವೂ ಓಡಿದೆ, ಓಡುತ್ತ ಓಡುತ್ತಲೇ ಜೇವರ್ಗಿಯ ಈ ಕೆಲಸದವರೆಗೆ ಬಂದೆ. ಆಯಿ ಸೋತಳೆಂದು ಹೇಳಲಾರೆ, ಆದರೆ ಮಾರನೆಯ ದಿನದಿಂದ ಅಕ್ಕನ ಹೊರಸಿನ ಹತ್ತಿರ ಕಾಯಿಸಿ ಆರಿಸಿದ ನೀರಿನ ಚೊಂಬು ಬಂದು ಕೂತಿತು. ತಾನೇ ಇಟ್ಟದ್ದೆಂದು ಅವಳು ಯಾವತ್ತೂ ಒಪ್ಪಲಿಲ್ಲ. ನೀರು ಹೀಗೆ ಬಹಿರಂಗವಾದ ಮೇಲೆ ನನ್ನ ವ್ಯಾಪಾರ ಬಿತ್ತು. ಉಳಿದ ಉಂಡಿಗಳನ್ನೆಲ್ಲ ಅಕ್ಕನೇ ತಿಂದಳು. ತವರಿನಿಂದ ಹೊರಡುವಾಗ ಗುಂಡಗೆ, ಕೆಂಪಗೆ, ಬಿಗಿಯಾಗಿ, ನೋಡಿದವರು ದೃಷ್ಟಿ ತೆಗೆಯುವ ಹಾಗಿದ್ದಳು. ನಾನು ಅವಳ ಚೀಲ ಹೊತ್ತು ಬಸ್ಸಿನವರೆಗೆ ಹೋದೆ.

ಆ ಪಡಸಾಲೆಯ ಮಾತನ್ನು ನಾನು ಮರೆತಿಲ್ಲ. ಮರೆಯಬೇಕೆಂದು ಪ್ರಯತ್ನ ಪಟ್ಟಿದ್ದೇನೆ. ಹೇಳಬೇಕಾದವಳು ನಾನಾಗಿದ್ದೆ, ಬಾಯಿ ತೆರೆಯುವಷ್ಟರಲ್ಲಿ ಅವಳು ಹೇಳಿಬಿಟ್ಟಳು, ನಾನು ಹೇಳಬಹುದಾಗಿದ್ದಕ್ಕಿಂತ ಚೆನ್ನಾಗಿ ಹೇಳಿಬಿಟ್ಟಳು. ನನ್ನ ಓಟವನ್ನು ನಾನೇ ಗೆದ್ದುಕೊಂಡೆ ಎಂದು ಹೇಳಿಕೊಳ್ಳಲು ಅವಳು ನನಗೆ ಜಾಗ ಬಿಡಲಿಲ್ಲ. ನನಗೆ ಬಹುಮಾನ ಬಂದಾಗಲೆಲ್ಲ, ಹುಡುಗಿಯರು ಮೇಡಂ ಎಂದು ಕಾಲಿಗೆ ಎರಗಿದಾಗಲೆಲ್ಲ, ಇದು ಅಕ್ಕ ಕೊಡಿಸಿದ್ದು ಎಂದು ಒಳಗೆ ಯಾರೋ ಹೇಳುತ್ತಾರೆ. ಇದನ್ನೆಲ್ಲ ಬರೆಯಲು ಕೂತಾಗ ಅವಳಿಗೆ ಫೋನು ಮಾಡಿದೆ. ಆ ದಿನ ಅಪ್ಪನಿಗೆ ನೀನು ಹಾಗೆ ಅಂದೆಯಲ್ಲ, ಹೇಗೆ ಧೈರ್ಯ ಬಂತು ಎಂದು ಕೇಳಿದೆ. ಆಚೆ ಕಡೆ ಮೊಮ್ಮಕ್ಕಳ ಗದ್ದಲ ಇತ್ತು.

"ಹಂಗ ಅಂದಿದ್ದೆನೇನು? ನಿನ್ನ ಸಲುವಾಗಿ? ನನಗ ನೆನಪೇ ಇಲ್ಲ ಬೇ. ನೀರಡಿಸಿತ್ತು, ಎದ್ದು ಬಂದಿದ್ದೆ. ಆ ಹರವಿ ನೀರು ಮಾತ್ರ ನೆನಪದ ನೋಡು. ಎಷ್ಟ್ ತಣ್ಣಗಿತ್ತು."

ನನ್ನ ಇಡೀ ಬದುಕನ್ನು ನೀರಿಗೆ ಬಂದ ದಾರಿಯಲ್ಲಿ ನನಗೆ ಕೊಟ್ಟು, ಕೊಟ್ಟದ್ದನ್ನೂ ಮರೆತು, ಅವಳು ಆರಾಮಾಗಿದ್ದಾಳೆ. ಫೋನು ಇಟ್ಟ ಮೇಲೂ ನನಗೆ ಹೊಟ್ಟೆ ಉರಿಯುತ್ತಲೇ ಇತ್ತು.